ಭಟ್ಟಿ ಮುಂದೆ ಕೂತವರ ಬೇಸಿಗೆ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಏಪ್ರಿಲ್ ತಿಂಗಳ ಸೆಕೆಯೇ ಬೇರೆ. ತಲೆ ಮೇಲೆ ತಗಡು, ಎದುರಿಗೆ ಉರಿ, ಬಾಣಲೆಯಲ್ಲಿ ಕಾದ ಮರಳು. ಅಕ್ಕಿ ಮರಳಿಗೆ ಬಿದ್ದ ಕ್ಷಣದಲ್ಲಿ ಅರಳುತ್ತದೆ. ಕೂಡಲೇ ತೆಗೆದು ಜರಡಿಗೆ ಹಾಕಬೇಕು, ಇಲ್ಲದಿದ್ದರೆ ಸೀದುಹೋಗುತ್ತದೆ. ನಡುವೆ ಎದ್ದು ಹೋಗುವ ಹಾಗಿಲ್ಲ. ಈ ಕೆಲಸದಲ್ಲಿ ಮುಸ್ಲಿಂ ಕುಟುಂಬಗಳೇ ಜಾಸ್ತಿ.

ಬಯಲು ಪ್ರದೇಶದಲ್ಲಿ ಬಿಸಿಗಾಳಿ ಎನ್ನಬೇಕಾದರೆ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು ಎಂಬುದು ಹವಾಮಾನ ಇಲಾಖೆಯ ಅಳತೆ. ಆದರೆ ಅದು ನೆರಳಿನಲ್ಲಿಟ್ಟ ಥರ್ಮಾಮೀಟರಿನ ಲೆಕ್ಕ. ಭಟ್ಟಿ ಮುಂದೆ ಕೂತವರು ಅದಕ್ಕಿಂತ ಎಷ್ಟೋ ಮೊದಲೇ ಅಪಾಯದಲ್ಲಿರುತ್ತಾರೆ.

ಬೆವರು ಆರಿದಾಗಲೇ ಮೈ ತಣ್ಣಗಾಗುವುದು. ಗಾಳಿ ಆಡದ, ತೇವ ತುಂಬಿದ ಜಾಗದಲ್ಲಿ ಬೆವರು ಆರದೆ ಸುಮ್ನೆ ಇಳಿದುಹೋಗುತ್ತದೆ. ನೀರೂ ಹೋಯಿತು, ಉಪ್ಪೂ ಹೋಯಿತು, ಮೈ ಮಾತ್ರ ತಣ್ಣಗಾಗಲಿಲ್ಲ. ಶಾಖ ಹೊರಹಾಕಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ, ಕಿಡ್ನಿಗೆ ರಕ್ತ ಸಾಲದೆ ಹೋಗುತ್ತದೆ. ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿ, ಮಾತು ತೊದಲಿ, ಎಲ್ಲಿದ್ದೇನೆಂದೇ ತಿಳಿಯದಂತಾದರೆ ಅದು ಹೀಟ್ ಸ್ಟ್ರೋಕ್. ಕೂಡಲೇ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಕುತ್ತು.

ಬಿಹಾರ, ಒಡಿಶಾಗಳಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ಇನ್ನೊಂದು ತೊಂದರೆ. ಮೈ ಸೆಕೆಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಊರಿನಲ್ಲಿ ತಿಂಗಳುಗಟ್ಟಲೆ ಬಿಡುವಾಗಿದ್ದು ಬಂದರೆ ಮೊದಲು ಒಗ್ಗಿದ್ದೂ ಹೋಗಿರುತ್ತದೆ. ಹಾಗಾಗಿಯೇ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಒಂದು ಸಲಹೆ ಕೊಡುತ್ತದೆ: ಹೊಸಬರಿಗೆ ಸೆಕೆಯಲ್ಲಿ ಮೊದಲ ದಿನ ಪಾಳಿಯ ಶೇ 20ರಷ್ಟು ಹೊತ್ತು ಮಾತ್ರ ಕೆಲಸ, ಆಮೇಲೆ ದಿನಕ್ಕೆ ಶೇ 20ರಂತೆ ಏರಿಕೆ. ನಮ್ಮಲ್ಲಿ ರೈಲು ಇಳಿದ ಮರುದಿನವೇ ಪೂರ್ತಿ ಪಾಳಿ. ದಿನಗೂಲಿ ಅಲ್ವಾ, ಕೂತರೆ ಕೂಲಿ ಇಲ್ಲ. ಹೆಂಗಸರ ಕಷ್ಟ ಇನ್ನೂ ಹೆಚ್ಚು. ಕೆಲಸದ ಜಾಗದಲ್ಲಿ ಶೌಚಾಲಯ ಇಲ್ಲದ ಕಾರಣ ಎಷ್ಟೋ ಜನ ಬೇಕೆಂದೇ ನೀರು ಕುಡಿಯುವುದಿಲ್ಲ. ಇದು ಅವರ ಅಜ್ಞಾನ ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಎಚ್ಚರಿಕೆ ಕೊಟ್ಟರೂ ತಲುಪದಿರುವುದು ನಮ್ಮಲ್ಲಿ ಮಾತ್ರವಲ್ಲ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆಗೆ ನ್ಯೂಯಾರ್ಕ್ ನಗರದಲ್ಲಿ 13 ಜನ ಸತ್ತರು. ಅವರಲ್ಲಿ 11 ಜನ ನೆಲಮಾಳಿಗೆ ಮನೆಗಳಲ್ಲಿದ್ದವರು, ಹೆಚ್ಚಿನವರು ವಲಸೆ ಬಂದವರು. ಮೊಬೈಲಿಗೆ ಎಚ್ಚರಿಕೆ ಬಂದದ್ದು ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ. ನೀರು ನುಗ್ಗಿದ್ದು ನೇಪಾಳಿ, ಚೀನೀ ಮಾತಾಡುವವರ ಮನೆಗಳಿಗೂ.

ನಮ್ಮ ಜಿಲ್ಲೆಯಲ್ಲಿ ಕನ್ನಡದ ಕರಪತ್ರ ಭೋಜಪುರಿ, ಒಡಿಯಾ ಆಡುವವರಿಗೆ ಏನು ಹೇಳೀತು? ಭಾಷೆ ಗೊತ್ತಿದ್ದವರಿಗೂ ಹೇಳುವವರ ಮೇಲೆ ನಂಬಿಕೆ ಇರಬೇಕು. ಬಂಜಾರರ ತಾಂಡಾದಲ್ಲಿ ಹಿರಿಯರಾದ ನಾಯಕ್, ಕಾರಭಾರಿ ಹೇಳಿದ ಮಾತಿಗೆ ಇರುವ ತೂಕ ಪೋಸ್ಟರಿಗೆ ಇಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಫೆಬ್ರವರಿಯಲ್ಲಿ ಸಂತ ಸೇವಾಲಾಲ್ ಜಯಂತಿಗೆ ಬಂಜಾರ ಜನ ಸಾವಿರಾರು ಸಂಖ್ಯೆಯಲ್ಲಿ ಸೇರುತ್ತಾರೆ. ಬೇಸಿಗೆ ಇನ್ನೇನು ಶುರುವಾಗುವ ಹೊತ್ತು. ಅವರದೇ ಮಾತಿನಲ್ಲಿ ಬಿಸಿಲಿನ ವಿಷಯ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ?

ರಂಜಾನ್ ಬೇಸಿಗೆಗೆ ಬಂದ ವರ್ಷ ರೋಜಾ ಇರುವ ಭಟ್ಟಿಯವರಿಗೆ 'ಆಗಾಗ ನೀರು ಕುಡಿಯಿರಿ' ಎಂದರೆ ಏನೂ ಪ್ರಯೋಜನವಿಲ್ಲ. ಪಾಳಿಯನ್ನು ರಾತ್ರಿಗೆ ಬದಲಿಸಿ, ಸಂಜೆಯ ಇಫ್ತಾರ್‌ನಿಂದ ಬೆಳಗಿನ ಜಾವದ ಸಹರಿ ಊಟದವರೆಗೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯಿರಿ ಎಂದರೆ ಉಪಯೋಗಕ್ಕೆ ಬರುತ್ತದೆ. ಕಾಯಿಲೆ ಬಿದ್ದವರು ರೋಜಾ ಬಿಡಬಹುದು ಎಂಬ ಮಾತು ಮಸೀದಿಯಿಂದಲೇ ಬರಲಿ.

ಯಾರಾದರೂ ಕುಸಿದುಬಿದ್ದರೆ ಆಂಬುಲೆನ್ಸ್ ಬರುವ ತನಕ ಕಾಯಬೇಡಿ. 108ಕ್ಕೆ ಕರೆ ಮಾಡಿ, ನೆರಳಿಗೆ ಎಳೆದು, ಮೈಗೆಲ್ಲ ತಣ್ಣೀರು ಸುರಿದು ಗಾಳಿ ಹಾಕಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಇನ್ನು ಮೇಸ್ತ್ರಿಗಳಿಗೆ ಒಂದು ಮಾತು. ಊರಿಗೆ ಹೊಸದಾಗಿ ಬಂದ ಹುಡುಗನಿಗೆ ತಾನಿರುವ ಬಡಾವಣೆ ಹೆಸರೂ ಗೊತ್ತಿರುವುದಿಲ್ಲ, ಫೋನಿನಲ್ಲಿ ಏನು ಹೇಳಬೇಕು? ತಗಡಿನ ಶೆಡ್ಡಿನ ಬಾಗಿಲ ಪಕ್ಕ ಆ ಜಾಗದ ವಿಳಾಸ, ಹತ್ತಿರದ ಗುರುತು, 108 ನಂಬರು, ಮೂರನ್ನೂ ಹಿಂದಿಯಲ್ಲಿ ದೊಡ್ಡದಾಗಿ ಬರೆಸಿ. ಒಂದು ಡಬ್ಬಿ ಬಣ್ಣ ಸಾಕು, ಮಾರ್ಚ್ ಒಳಗೆ ಮುಗಿಸಿ.