ಗಾಡಿ ಯಾವಾಗ ಬಿಸಿಯಾಗುತ್ತದೆ? ಮೊದಲು ಅದನ್ನು ಹೇಳಿ

ಹಳೆಯ ಗಾಡಿ ತರುವವರ ದೂರು ಸಾಮಾನ್ಯವಾಗಿ ಎರಡು. ಇಂಜಿನ್ ಹೀಟ್ ಆಗುತ್ತಿದೆ ಎನ್ನುವುದು ಒಂದು, ಮೊದಲಿನ ಹಾಗೆ ಎಳೆಯುತ್ತಿಲ್ಲ ಎನ್ನುವುದು ಇನ್ನೊಂದು. ಇವೆರಡೂ ಬೇರೆ ಬೇರೆ ಕಾಯಿಲೆ ಎಂದೇ ಹೆಚ್ಚಿನವರು ತಿಳಿದಿರುತ್ತಾರೆ. ಆದರೆ ಬಹಳ ಸಲ ಎರಡಕ್ಕೂ ಕಾರಣ ಒಂದೇ. ಹಳೆಯ ಪೆಟ್ರೋಲ್ ಇಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಗಾಡಿ ಎಳೆಯಲು ಸಿಗುವುದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಉಳಿದದ್ದೆಲ್ಲ ಶಾಖವಾಗಿ ಸೈಲೆನ್ಸರ್ ಮತ್ತು ರೇಡಿಯೇಟರ್ (ಇಂಜಿನ್ನಿನ ಬಿಸಿ ನೀರನ್ನು ಗಾಳಿಯಿಂದ ತಣ್ಣಗಾಗಿಸುವ ಭಾಗ) ಮೂಲಕ ಹೊರಗೆ ಹೋಗಬೇಕು. ಇಂಧನ ಸರಿಯಾದ ಹೊತ್ತಿಗೆ ಉರಿಯದಿದ್ದರೆ, ಉರಿದ ಹೊಗೆ ಸಲೀಸಾಗಿ ಹೊರಗೆ ಹೋಗದಿದ್ದರೆ ಎಳೆತ ಕಡಿಮೆಯಾಗುತ್ತದೆ, ಶಾಖ ಜಾಸ್ತಿಯಾಗುತ್ತದೆ.

ಹಾಗಾಗಿ ಬಾನೆಟ್ ಎತ್ತುವ ಮೊದಲು ನಾನು ಕೇಳುವುದು ಒಂದೇ ಪ್ರಶ್ನೆ. ಯಾವಾಗ ಬಿಸಿಯಾಗುತ್ತದೆ? ಸಿಗ್ನಲ್‌ನಲ್ಲಿ ನಿಂತಾಗಲೋ, ವೇಗವಾಗಿ ಓಡಿಸುವಾಗಲೋ, ಏರು ಹತ್ತುವಾಗಲೋ, ಸ್ಟಾರ್ಟ್ ಮಾಡಿದ ಐದೇ ನಿಮಿಷಕ್ಕೋ? ಈ ಉತ್ತರ ಸರಿಯಾಗಿ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ನಿಂತಾಗ ಬಿಸಿಯಾಗಿ, ಓಡಲು ಶುರುವಾದ ಕೂಡಲೇ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಳಗಿಳಿದರೆ ಮೊದಲು ಅನುಮಾನ ಪಡಬೇಕಾದ್ದು ಗಾಳಿಯ ಮೇಲೆ. ಗಾಡಿ ಓಡುವಾಗ ಎದುರು ಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ. ನಿಂತಾಗ ಆ ಕೆಲಸವೆಲ್ಲ ಫ್ಯಾನ್‌ನದು. ಎಲೆಕ್ಟ್ರಿಕ್ ಫ್ಯಾನ್ ಇದ್ದರೆ ಎಸಿ ಹಾಕಿ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಎಸಿ ಜೊತೆಗೇ ಫ್ಯಾನ್ ತಿರುಗಬೇಕು. ಎಸಿ ಹಾಕಿದಾಗ ತಿರುಗಿ, ಇಂಜಿನ್ ಬಿಸಿಯಾದಾಗ ಮಾತ್ರ ತಿರುಗದಿದ್ದರೆ ಮೋಟರ್ ಚೆನ್ನಾಗಿದೆ ಎಂದಾಯಿತು. ಸೆನ್ಸರ್ ಅಥವಾ ಅದರ ವೈರಿಂಗ್ ಕಡೆ ಹೋಗಬೇಕು. ಇಂಜಿನ್ನೇ ತಿರುಗಿಸುವ ಫ್ಯಾನ್ ಆದರೆ, ಚೆನ್ನಾಗಿ ಬಿಸಿಯಾದ ಮೇಲೆ ಇಂಜಿನ್ ಆಫ್ ಮಾಡಿ, ಪೂರ್ತಿ ನಿಂತ ಮೇಲೆ ರೆಕ್ಕೆಯನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ ತಡೆಯಬೇಕು. ಸುಮ್ನೆ ಗಿರ್ರನೆ ಸುತ್ತಿದರೆ ಅದರ ವಿಸ್ಕಸ್ ಕ್ಲಚ್ (ಬಿಸಿಯಾದಾಗ ಫ್ಯಾನನ್ನು ಇಂಜಿನ್ನಿಗೆ ಬಿಗಿಯಾಗಿ ಜೋಡಿಸುವ ಭಾಗ) ಹೋಗಿದೆ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯನ್ನೂ ಟಾರ್ಚ್ ಹಾಕಿ ನೋಡಿ. ಎದುರಿಗೆ ಚೊಕ್ಕವಾಗಿ ಕಾಣುವ ಗಾಡಿಯ ಆ ಸಂದಿಯಲ್ಲಿ ವರ್ಷಗಳ ಧೂಳು, ಎಲೆ, ಹುಳು ಎಲ್ಲ ಸೇರಿ ದಪ್ಪ ಪದರವಾಗಿರುತ್ತದೆ.

ನಿಂತಾಗ ಸರಿಯಿದ್ದು, ವೇಗದಲ್ಲಿ ಅಥವಾ ಏರಿನಲ್ಲಿ ಬಿಸಿಯಾದರೆ ನೀರಿನ ಹರಿವು ನೋಡಬೇಕು. ಹಳೆಯ ಗಾಡಿಯಲ್ಲಿ ಬರೀ ನೀರು ಹಾಕಿ ಓಡಿಸಿದ್ದರೆ ರೇಡಿಯೇಟರ್ ಒಳಗಿನ ಸಣ್ಣ ನಳಿಕೆಗಳು ತುಕ್ಕು, ಸುಣ್ಣದಿಂದ ಕಟ್ಟಿಕೊಳ್ಳುತ್ತವೆ. ಬಿಸಿ ಇಂಜಿನ್ ನಿಲ್ಲಿಸಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರನ್ನು ರೇಡಿಯೇಟರ್ ಮೇಲೆ ನಿಧಾನಕ್ಕೆ ಸರಿಸಿದರೆ ಇದು ಗೊತ್ತಾಗುತ್ತದೆ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಶಾಖ ಹಂತಹಂತವಾಗಿ ಇಳಿಯಬೇಕು. ನಡುವೆ ಎಲ್ಲೋ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿ ನೀರು ಹರಿಯುತ್ತಿಲ್ಲ. ಆ ಉಪಕರಣವನ್ನು ಹೊಳೆಯುವ ಲೋಹಕ್ಕೆ ಹಿಡಿಯಬೇಡಿ, ತಪ್ಪು ಅಂಕಿ ತೋರಿಸುತ್ತದೆ. ಕಪ್ಪು ಬಣ್ಣ ಅಥವಾ ರಬ್ಬರ್ ಮೇಲೆ ಹಿಡಿದರೆ ನಂಬಬಹುದು. ಕೆಳಗಿನ ಹೋಸ್ ಪೈಪನ್ನೂ ಗಮನಿಸಿ. ವಾಟರ್ ಪಂಪ್ ನೀರನ್ನು ಎಳೆದುಕೊಳ್ಳುವುದು ಸಾಮಾನ್ಯವಾಗಿ ಅದರಿಂದಲೇ. ರಬ್ಬರ್ ಮೆತ್ತಗಾಗಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಪೈಪ್ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುತ್ತಿರುವಾಗ, ನೋಡಿದರೆ ಏನೂ ಕಾಣುವುದಿಲ್ಲ.

ಎಲ್ಲಕ್ಕಿಂತ ಅಗ್ಗದ ಭಾಗ ರೇಡಿಯೇಟರ್ ಮುಚ್ಚಳ. ಅದನ್ನು ನೋಡುವವರೂ ಕಡಿಮೆ. ಅರ್ಧ ಕೂಲೆಂಟ್ (ತುಕ್ಕು ತಡೆದು, ಕುದಿಯುವ ಮಟ್ಟ ಏರಿಸುವ ದ್ರವ), ಅರ್ಧ ನೀರಿನ ಮಿಶ್ರಣ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ಕುದಿಯುವ ಮಟ್ಟ 125 ದಾಟುತ್ತದೆ. ಸ್ಪ್ರಿಂಗ್ ಸಡಿಲವಾದರೆ, ರಬ್ಬರ್ ಸೀಳಿದರೆ ಈ ಅಂತರವೆಲ್ಲ ಹೋಯಿತು. ಇಂಜಿನ್ನಿನಲ್ಲಿ ಬೇರೇನೂ ದೋಷವಿಲ್ಲದಿದ್ದರೂ ಕೂಲೆಂಟ್ ಕುದಿದು ಚೆಲ್ಲುತ್ತದೆ.

ಇಂಜಿನ್ ಕಾದ ಮೇಲಷ್ಟೇ ನೀರನ್ನು ರೇಡಿಯೇಟರ್‌ಗೆ ಬಿಡುವ ಕವಾಟ ಥರ್ಮೋಸ್ಟಾಟ್. ಅದರ ವಿಷಯದಲ್ಲಿ ನನಗೆ ನಿಜಕ್ಕೂ ಬೇಸರವಿದೆ. ಗಾಡಿ ಹೀಟ್ ಆದರೆ ಅದನ್ನು ಕಿತ್ತು ಬಿಸಾಡುವುದು ಒಂದು ರೂಢಿಯೇ ಆಗಿಬಿಟ್ಟಿದೆ. ಅದಿಲ್ಲದೆ ಇಂಜಿನ್ ಬೇಗ ಬಿಸಿ ಏರುವುದಿಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಇನ್ನು ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು (ನೀರು ರೇಡಿಯೇಟರ್ ಬಿಟ್ಟು ಸುತ್ತುವ ದಾರಿ) ಮುಚ್ಚುವುದೂ ಅದೇ. ಅದನ್ನು ತೆಗೆದರೆ ಬಿಸಿ ನೀರಿನ ಒಂದು ಭಾಗ ರೇಡಿಯೇಟರ್‌ಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತದೆ, ಗಾಡಿ ಇನ್ನೂ ಬಿಸಿಯಾಗುತ್ತದೆ. ಪರೀಕ್ಷೆ ಮಾಡುವುದು ಅಷ್ಟೊಂದು ಸುಲಭವಿರುವಾಗ ಕೀಳುವುದು ಯಾಕೆ? ಎಷ್ಟು ಡಿಗ್ರಿಗೆ ತೆರೆಯಬೇಕು ಎಂದು ಹೆಚ್ಚಾಗಿ ಅದರ ಮೇಲೇ ಅಚ್ಚಾಗಿರುತ್ತದೆ, 82 ಅಥವಾ 88 ಎಂದು. ನೀರಿನ ಪಾತ್ರೆಯಲ್ಲಿ ತಳಕ್ಕೆ ತಾಗದಂತೆ ನೇತುಹಾಕಿ, ಥರ್ಮಾಮೀಟರ್ ಇಟ್ಟು ಕಾಯಿಸಿ. ಆ ಅಂಕಿಯ ಹತ್ತಿರ ತೆರೆಯಲು ಶುರುವಾಗಿ, ಇನ್ನು ಹತ್ತು ಹದಿನೈದು ಡಿಗ್ರಿಯೊಳಗೆ ಪೂರ್ತಿ ತೆರೆದರೆ ಅದು ಚೆನ್ನಾಗಿದೆ.

ಇವೆಲ್ಲ ಸರಿಯಿದ್ದೂ ಗಾಡಿ ಬಿಸಿಯಾಗುತ್ತಿದೆ, ಜೊತೆಗೆ ಪಿಕಪ್ ಕೂಡ ಇಲ್ಲ ಎಂದರೆ ತಂಪು ಮಾಡುವ ಭಾಗಗಳನ್ನು ಬಿಟ್ಟು ಉರಿಯುವ ಕಡೆ ತಿರುಗಬೇಕು. ಇಂಥದ್ದೇ ಒಂದು ಗಾಡಿ ನನ್ನ ಬಳಿ ಬಂದಿತ್ತು. ಬೇರೆ ಕಡೆ ರೇಡಿಯೇಟರ್, ವಾಟರ್ ಪಂಪ್ ಎರಡೂ ಹೊಸದು ಹಾಕಿಸಿದ್ದರು. ಆದರೂ ಏರಿನಲ್ಲಿ ಮುಳ್ಳು ಮೇಲೆ ಹೋಗುತ್ತಿತ್ತು, ಗಾಡಿ ಸೋತ ಹಾಗೆ ಎಳೆಯುತ್ತಿತ್ತು. ಸಿಲಿಂಡರ್‌ಗಳಿಗೆ ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ವ್ಯಾಕ್ಯೂಮ್ ಗೇಜ್ (ಇಂಜಿನ್ ಎಷ್ಟು ಬಲವಾಗಿ ಗಾಳಿ ಹೀರುತ್ತದೆ ಎಂದು ಅಳೆಯುವ ಮೀಟರ್) ಜೋಡಿಸಿದೆ. ಚೆನ್ನಾಗಿರುವ ಪೆಟ್ರೋಲ್ ಇಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ, ಮುಳ್ಳು ಅಲುಗುವುದಿಲ್ಲ. (ಎತ್ತರದ ಊರುಗಳಲ್ಲಿ ಪ್ರತಿ 300 ಮೀಟರ್‌ಗೆ ಸುಮಾರು ಒಂದು ಇಂಚು ಕಳೆದು ಲೆಕ್ಕ ಹಾಕಬೇಕು.) ಈ ಗಾಡಿಯಲ್ಲೂ ಐಡ್ಲಿಂಗ್ ಸರಿಯಾಗಿಯೇ ಇತ್ತು. ಆದರೆ 2500 ಆರ್‌ಪಿಎಂನಲ್ಲಿ ಹಿಡಿದಿಟ್ಟಾಗ ಮುಳ್ಳು ಸ್ವಲ್ಪ ಹೊತ್ತು ನಿಂತು, ಆಮೇಲೆ ನಿಧಾನಕ್ಕೆ ಇಳಿಯುತ್ತಾ ಹೋಯಿತು. ಹೊಗೆ ಹೊರಗೆ ಹೋಗಲಾಗದೆ ಒಳಗೇ ಕಟ್ಟಿಕೊಳ್ಳುತ್ತಿದೆ ಎನ್ನುವುದಕ್ಕೆ ಇದು ಸ್ಪಷ್ಟ ಗುರುತು. ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೈಯಿಂದ ತಟ್ಟಿದರೆ ಒಳಗೆ ಗಲಗಲ ಸದ್ದು. ಅದರ ಜೇನುಗೂಡು ಕರಗಿ, ಮುರಿದು ದಾರಿಗೆ ಅಡ್ಡ ಬಿದ್ದಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಹೊಸ ಕನ್ವರ್ಟರ್ ಕೂಡ ಹಾಳಾಗುತ್ತಿತ್ತು. ಅದು ಸುಮ್ನೆ ಕರಗುವುದಿಲ್ಲ, ಅಲ್ವಾ? ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಒಂದು ಇಗ್ನಿಷನ್ ಕಾಯಿಲ್ ಬಿಸಿಯಾದ ಮೇಲೆ ಕೈಕೊಡುತ್ತಿತ್ತು. ಆಗ ಆ ಸಿಲಿಂಡರ್ ಮಿಸ್ಸಿಂಗ್ ಹೊಡೆದು, ಉರಿಯದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿತ್ತು. ರೇಡಿಯೇಟರ್ ಬದಲಾಯಿಸಿದ ಗಾಡಿಯ ನಿಜವಾದ ರೋಗ ಒಂದು ಕಾಯಿಲ್‌ನಲ್ಲಿತ್ತು.

ಇದೇ ಗುಂಪಿಗೆ ಸೇರುವ ಇನ್ನೆರಡು ಕಾರಣಗಳಿವೆ. ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತುವ ಸಮಯ) ಹಿಂದೆ ಬಿದ್ದರೆ ಇಂಧನ ತಡವಾಗಿ ಉರಿದು ಎಕ್ಸಾಸ್ಟ್ ಕಡೆ ಶಾಖ ಹೆಚ್ಚುತ್ತದೆ. ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಭಾಗ) ಇರುವ ಗಾಡಿಗಳಲ್ಲಿ, ಕಿಡಿಯನ್ನು ಮುಂಚಿತವಾಗಿಸುವ ವ್ಯಾಕ್ಯೂಮ್ ಅಡ್ವಾನ್ಸ್‌ನ ತೆಳು ಪೊರೆ (ಡಯಾಫ್ರಂ) ಹರಿದಿದ್ದರೆ ಹೀಗಾಗುತ್ತದೆ. ಅದರ ಪೈಪನ್ನು ಬಾಯಿಂದ ಎಳೆದು ನಾಲಿಗೆಯಿಂದ ಮುಚ್ಚಿದರೆ ಹಿಡಿದುಕೊಳ್ಳಬೇಕು. ಗಾಳಿ ಬರುತ್ತಲೇ ಇದ್ದರೆ ಹರಿದಿದೆ. ಇನ್ನೊಂದು, ಪೆಟ್ರೋಲ್ ಸಾಲದೆ ಗಾಳಿ ಜಾಸ್ತಿಯಾಗುವುದು. ಕಟ್ಟಿಕೊಂಡ ಫ್ಯೂಯಲ್ ಫಿಲ್ಟರ್ ಅಥವಾ ಬಿರಿದ ವ್ಯಾಕ್ಯೂಮ್ ಪೈಪ್ ಇದಕ್ಕೆ ಮಾಮೂಲಿ ಕಾರಣ.

ಕೊನೆಯದು ಎಲ್ಲರೂ ಹೆದರುವ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವೆ ಸೋರದಂತೆ ಮುಚ್ಚುವ ಪದರ. ಆಯಿಲ್ ಮುಚ್ಚಳದ ಕೆಳಗೆ ಬಿಳಿ ಕೆನೆ ಕಂಡ ಕೂಡಲೇ ಹೆಡ್ ಬಿಚ್ಚಿಸಬೇಡಿ. ಬರೀ ಹತ್ತಿರದ ಓಡಾಟಕ್ಕೆ ಬಳಸುವ ಗಾಡಿಯಲ್ಲಿ ತೇವಾಂಶದಿಂದಲೂ ಅದು ಬರುತ್ತದೆ. ಡಿಪ್‌ಸ್ಟಿಕ್ ಆಯಿಲ್ ಕೂಡ ಹಾಲು ಬೆರೆತಂತಿದ್ದರೆ ಮಾತು ಬೇರೆ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಗಟ್ಟಿಯಾದರೆ ಅನುಮಾನ ಪಡಿ. ನೀರು ಇನ್ನೂ ಕಾದಿರುವುದಿಲ್ಲ, ಆ ಒತ್ತಡ ಸಿಲಿಂಡರ್‌ನಿಂದಲೇ ಬರುತ್ತಿರಬೇಕು. ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಇಡಿ. ಉಳಿದವು ತಿಳಿ ಕಂದು ಬಣ್ಣದಲ್ಲಿದ್ದು ಒಂದು ಮಾತ್ರ ತೊಳೆದಿಟ್ಟ ಹಾಗೆ ಚೊಕ್ಕವಾಗಿದ್ದರೆ ಆ ಸಿಲಿಂಡರ್‌ಗೆ ನೀರು ಇಳಿದು ಆವಿಯಾಗುತ್ತಿದೆ. ಖಾತ್ರಿ ಮಾಡಿಕೊಳ್ಳಲು ನೀಲಿ ದ್ರವದ ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರ ಮೂಲಕ ಎಳೆದಾಗ ಹಳದಿಗೆ ತಿರುಗಿದರೆ ಸಿಲಿಂಡರ್ ಹೊಗೆ ನೀರಿಗೆ ಸೇರುತ್ತಿದೆ ಎಂದರ್ಥ. ಹೆಡ್ ಬಿಚ್ಚಿದ ಮೇಲೆ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟು ಹೆಡ್ ಬಾಗಿದೆಯೇ ಎಂದು ಅಳೆಯದೆ ಹೊಸ ಗ್ಯಾಸ್ಕೆಟ್ ಹಾಕಲು ಬಿಡಬೇಡಿ. ಅಲ್ಯೂಮಿನಿಯಂ ಹೆಡ್ ಒಮ್ಮೆ ಚೆನ್ನಾಗಿ ಹೀಟ್ ಆದರೂ ಸಾಕು, ಬಾಗಬಹುದು.

ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಬಿಸಿ ಇಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಇನ್ನೊಂದು ವಿಷಯ, ಮೀಟರ್ ನಾರ್ಮಲ್ ಎಂದು ತೋರಿಸುತ್ತಿದೆ, ಆದರೆ ಬಾನೆಟ್‌ನಿಂದ ಆವಿ ಬರುತ್ತಿದೆ ಎಂದರೆ ಮೀಟರನ್ನು ನಂಬಬೇಡಿ. ನೀರು ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತಿದ್ದರೆ ಅದು ಸರಿಯಾದ ಬಿಸಿ ತೋರಿಸುವುದಿಲ್ಲ.

ರಿಪೇರಿ ಮುಗಿದು ಕೂಲೆಂಟ್ ತುಂಬಿಸಿದ ಮೇಲೆ ಒಳಗಿನ ಗಾಳಿಯನ್ನು ಪೂರ್ತಿ ಹೊರಗೆ ಬಿಡಬೇಕು. ಗಾಳಿ ಉಳಿದರೆ ಹೊಸ ಭಾಗಗಳಿದ್ದೂ ಮತ್ತೆ ಹೀಟ್ ಆಗುತ್ತದೆ. ಮಾರನೇ ದಿನ ಇಂಜಿನ್ ತಣ್ಣಗಿರುವಾಗ ಮಟ್ಟ ನೋಡಿ, ಇಳಿದಿದ್ದರೆ ತುಂಬಿಸಿ. ಆಮೇಲೂ ಇಳಿಯುತ್ತಲೇ ಇದ್ದರೆ ಎಲ್ಲೋ ಸೋರಿಕೆ ಇದೆ, ಗಾಡಿಯನ್ನು ಮತ್ತೆ ತೋರಿಸಿ.