ಹೆಂಡತಿ ಸತ್ತ ಮನೆಯಲ್ಲಿ ಗಂಡ ಏನು ಹೇಳಬೇಕು? ಉತ್ತರ ಶುರುವಾಗಿದ್ದು ಒಂದು ಟಿಎ ಬಿಲ್‌ನಿಂದ

ಹೆಂಡತಿ ಕೊಲೆ ಕೇಸಲ್ಲಿ ದಾವಣಗೆರೆ ಸೆಷನ್ಸ್ ಕೋರ್ಟ್ ಜೀವಾವಧಿ ಕೊಟ್ಟವನನ್ನು ಹೈಕೋರ್ಟ್ ಖುಲಾಸೆ ಮಾಡಿತು ಅಂದರೆ ಸಾಕು, ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ತೀರ್ಪು ರೆಡಿ: 'ದುಡ್ಡು ಓಡಾಡಿದೆ ಬಿಡ್ರಿ'. ಅಷ್ಟು ಸುಲಭವಿಲ್ಲ. ಇಂಥ ಮೇಲ್ಮನವಿಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ ಒಂದು. ನೋಡಿದವರು ಯಾರೂ ಇಲ್ಲದೆ ಮನೆಯೊಳಗೆ ಸಾವಾದರೆ, ಏನಾಯ್ತು ಅಂತ ಗಂಡ ಹೇಳಬೇಕಾ, ಪೊಲೀಸರೇ ಸಾಬೀತು ಮಾಡಬೇಕಾ?

1872ರ ಸಾಕ್ಷ್ಯ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ, ಒಬ್ಬನಿಗೇ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ಅವನೇ ರುಜುವಾತು ಮಾಡಬೇಕು. ಇದಕ್ಕೆ ಸುಪ್ರೀಂ ಕೋರ್ಟ್ ಲಗಾಮು ಹಾಕಿದ್ದು 1956ರಲ್ಲಿ. ಅದು ಕೊಲೆ ಕೇಸೇ ಅಲ್ಲ! ಅಜ್ಮೀರದ ಗುಮಾಸ್ತನೊಬ್ಬ ರೈಲು ಪ್ರಯಾಣದ ಟಿಎ (ಪ್ರಯಾಣ ಭತ್ಯೆ) ಬಿಲ್ ಸುಳ್ಳು ಬರೆದ ಅನ್ನೋ ಆರೋಪ. ಸೆಕ್ಷನ್ನನ್ನು ಸುಮ್ನೆ ಹಿಗ್ಗಿಸಿದರೆ, ಕೊಲೆ ಮಾಡಿದೆಯೋ ಇಲ್ಲವೋ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ನೀನೇ ಸಾಬೀತು ಮಾಡು ಅಂತ ಆರೋಪಿಗೆ ಹೇಳಿದಂತಾಗುತ್ತದೆ, ಅದು ಆಗದ ಮಾತು ಎಂದಿತು ಕೋರ್ಟ್.

1984ರ ಶರದ್ ಸಾರ್ದಾ ಪ್ರಕರಣ ಪುಣೆಯದ್ದು. ಹೆಂಡತಿ ಸೈನೈಡ್‌ನಿಂದ ಸತ್ತಿದ್ದಳು, ಕೆಳಗಿನ ಎರಡೂ ಕೋರ್ಟ್ ಗಂಡನಿಗೆ ಗಲ್ಲು ಅಂದಿದ್ದವು. ಆಕೆ ಸಹೋದರಿಗೆ, ಗೆಳತಿಗೆ ಬರೆದ ಪತ್ರಗಳ ತುಂಬ ಸಂಕಟವಿತ್ತು. ಅವನ್ನೇ ಓದಿದ ಸುಪ್ರೀಂ ಕೋರ್ಟ್, ಇದು ಆತ್ಮಹತ್ಯೆಯೂ ಆಗಿರಬಹುದು ಎಂದು ಗಂಡನನ್ನು ಬಿಟ್ಟಿತು. ಓದಿದರೆ ಹೊಟ್ಟೆ ಕಿವುಚುತ್ತದೆ. ಆದರೂ ತೀರ್ಪು ಸರಿ ಅನ್ನುವವನು ನಾನು.

2006ರಲ್ಲಿ ತಕ್ಕಡಿ ಆಚೆ ವಾಲಿತು. ತ್ರಿಮುಖ್ ಕಿರ್ಕನ್ ಪ್ರಕರಣದಲ್ಲಿ ಹಾವು ಕಚ್ಚಿ ಸತ್ತಳು ಅಂತ ತವರಿಗೆ ಸುದ್ದಿ ಹೋಗಿತ್ತು, ಪೋಸ್ಟ್‌ಮಾರ್ಟಂ ನೋಡಿದರೆ ಕತ್ತು ಹಿಸುಕಿದ್ದು. ಮನೆಯೊಳಗಿನ ಸಾವಿಗೆ ಮನೆಯವರು ಬಾಯಿಬಿಡಲೇಬೇಕು, ಸುಳ್ಳು ಹೇಳಿದರೆ ಅದೂ ಅವರ ವಿರುದ್ಧವೇ ನಿಲ್ಲುತ್ತದೆ ಅಂತಾಯ್ತು. 2021ರಲ್ಲಿ ಬಿಹಾರದ ನಾಗೇಂದ್ರ ಸಾಹ್ ಪ್ರಕರಣದಲ್ಲಿ ಮತ್ತೆ ಬ್ರೇಕು: ಪೊಲೀಸರ ಸಾಕ್ಷ್ಯವೇ ಪೂರ್ತಿ ಕೂಡಿಬರದಿದ್ದರೆ ಗಂಡನ ಮೌನವೊಂದೇ ಸಾಲದು.

ನಮ್ಮ ದಾವಣಗೆರೆಗೆ ಹೈಕೋರ್ಟಿನ ಧಾರವಾಡ ಪೀಠ ಹತ್ತಿರ, ಆದರೆ ನಮ್ಮ ಜಿಲ್ಲೆಯ ಮೇಲ್ಮನವಿ ಹೋಗೋದು ಬೆಂಗಳೂರಿಗೆ. ಶಿಕ್ಷೆಯಾದ 60 ದಿನದೊಳಗೆ ಹಾಕಬೇಕು. ಅಲ್ಲಿ ಇಬ್ಬರು ನ್ಯಾಯಮೂರ್ತಿಗಳು ಸಾಕ್ಷಿ ಹೇಳಿಕೆ, ಪಂಚನಾಮೆ ಎಲ್ಲವನ್ನೂ ಮೊದಲಿಂದ ತೂಗುತ್ತಾರೆ. 2024ರ ಜುಲೈ 1ರಿಂದ ಹಳೇ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದು, 106ನೇ ಸೆಕ್ಷನ್ ಹೋಗಿ 109 ಆಗಿದೆ, ನಂಬರ್ ಬದಲಾಯ್ತು, ಜಗಳ ಅದೇ. ಆ ರಾತ್ರಿ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲೋಡ್ ಕಾಯುತ್ತಿದ್ದೆ ಅಂತ ಗಂಡ ಅಂದರೆ, ಇಲ್ಲ, ಅವನು ಮನೆಯಲ್ಲೇ ಇದ್ದ ಅಂತ ಮೊದಲು ತೋರಿಸಬೇಕಾದವರು ಪೊಲೀಸರು. ಅದಕ್ಕೆ ಇದ್ದೊಬ್ಬ ಪಕ್ಕದ ಮನೆಯ ಸಾಕ್ಷಿಯೂ ಕಟಕಟೆಯಲ್ಲಿ ತಿರುಗಿಬಿದ್ದರೆ, 109 ಇದ್ದೂ ಉಪಯೋಗವಿಲ್ಲ.