ಬೆಟ್ಟದ ನೀರನ್ನೂ ಕುದಿಸಬೇಕಾ ಸರ್?

ಪ್ರಶ್ನೆ: ನಮ್ಮ ಮನೆಗೆ ಬರೋದು ಬೆಟ್ಟದ ಒರತೆ ನೀರು. ಪೈಪಲ್ಲಿ ತಾನಾಗೇ ಇಳಿದು ಬರುತ್ತೆ, ಕನ್ನಡಿ ಥರ ಇರುತ್ತೆ. ಇದನ್ನೂ ಕುದಿಸಿಯೇ ಕುಡೀಬೇಕಾ?

ಕುದಿಸಬೇಕು. ಭಾಗಮಂಡಲದವರು ಕೇಳಲಿ, ಸೋಮವಾರಪೇಟೆಯವರು ಕೇಳಲಿ, ಪ್ರತಿ ಮಳೆಗಾಲವೂ ನನ್ನ ಉತ್ತರ ಇದೊಂದೇ. ಕೇಳಿದವರು ತಲೆಯಾಡಿಸುತ್ತಾರೆ, ಆಮೇಲೆ ಮೆಲ್ಲಗೆ ಹೇಳುತ್ತಾರೆ: "ಹರಿಯೋ ನೀರಲ್ವಾ ಸರ್, ಅದಕ್ಕೇನು ದೋಷ?"

ಈ ಮಾತಿನ ಬೇರು ಕೀಳದೆ ಇವತ್ತು ನಾನು ಮುಂದೆ ಹೋಗುವುದಿಲ್ಲ. ಹರಿಯುವ ನೀರು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಎನ್ನುವುದು ಪೂರ್ತಿ ಸುಳ್ಳಲ್ಲ. ಬಂಡೆಗೆ ಬಡಿದು ಗಾಳಿ ಬೆರೆಯುತ್ತದೆ, ವಾಸನೆ ಹೋಗುತ್ತದೆ, ಬಿಸಿಲಿಗೆ ಕ್ರಿಮಿಗಳೂ ಸಾಯುತ್ತವೆ. ಆದರೆ ಅದಕ್ಕೆಲ್ಲ ದಿನಗಳು ಬೇಕು. ನಿಮ್ಮ ತೊರೆಗೆ ಅಷ್ಟು ಪುರುಸೊತ್ತು ಎಲ್ಲಿದೆ? ಸೆಕೆಂಡಿಗೆ ಅರ್ಧ ಮೀಟರಿನಂತೆ ನಿಧಾನಕ್ಕೆ ಹರಿದರೂ ಒಂದು ಕಿಲೋಮೀಟರ್ ದಾಟಲು ಅರ್ಧ ಗಂಟೆ ಸಾಕು. ಬೆಳಿಗ್ಗೆ ಆರಕ್ಕೆ ಮೇಲಿನ ತೋಟದಲ್ಲಿ ತೊರೆ ಸೇರಿದ ಹೊಲಸು ಆರೂವರೆಗೆ ನಿಮ್ಮ ಟ್ಯಾಂಕಿನಲ್ಲಿರುತ್ತದೆ. ಟೈಫಾಯಿಡ್ ಬ್ಯಾಕ್ಟೀರಿಯಾ ನೀರಿನಲ್ಲಿ ದಿನಗಟ್ಟಲೆ ಬದುಕುತ್ತದೆ, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ವಾರಗಟ್ಟಲೆ. ಇನ್ನು ಕಕ್ಕಡ ತಿಂಗಳ ಜಡಿಮಳೆಯಲ್ಲಿ ಬಿಸಿಲಿನ ಮಾತೆತ್ತುವವರು ಕೊಡಗಿನವರಾಗಿರಲಾರರು.

ಹಾಗಂತ ಮೇಲಿನ ತೋಟದ ಲೈನ್ ಮನೆಗಳಲ್ಲಿರುವ ಕೆಲಸದವರನ್ನು ಬೈಯಬೇಡಿ. ಅವರಿಗೆ ನೆಟ್ಟಗೆ ಕಕ್ಕಸು ಕಟ್ಟಿಸಿಕೊಡಬೇಕಾದವರು ಯಾರು? "ನಮ್ಮ ಮೇಲೆ ಬರೀ ಕಾಡು" ಎನ್ನುತ್ತೀರಾ? ಕಾಟಿ, ಹಂದಿ, ಮಂಗಗಳೂ ಕಕ್ಕಸು ಕಟ್ಟಿಸಿಕೊಂಡಿಲ್ಲ.

ಹೋದ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ವಾರ ನಮ್ಮದೇ ಒರತೆಯ ನೀರನ್ನು ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಸಣ್ಣ ಸೀಸೆಗೆ ತುಂಬಿ ಒಲೆಯ ಪಕ್ಕ ಬೆಚ್ಚಗೆ ಇಟ್ಟೆ. ಮಲದ ಬ್ಯಾಕ್ಟೀರಿಯಾ ಇದ್ದರೆ ಒಂದೆರಡು ದಿನದಲ್ಲಿ ನೀರು ಕಪ್ಪಾಗುತ್ತದೆ. ಮರುದಿನ ನೋಡಿದರೆ ಹಾಲು ಹಾಕದ ಕಾಫಿ! ಬೇಸಿಗೆಯಿಡೀ ಗುಡ್ಡದ ಮೇಲೆ ಬಿದ್ದಿದ್ದನ್ನು ಮೊದಲ ಮಳೆ ತೊಳೆದು ತಂದಿತ್ತು. ಮನೆಯವಳು ಸೀಸೆ ನೋಡಿದಳು, ಏನೂ ಹೇಳದೆ ಹೋಗಿ ಗ್ಯಾಸ್ ಹಚ್ಚಿದಳು.

"ನಮ್ಮಜ್ಜ ಇದೇ ನೀರು ಕುಡಿದು ತೊಂಬತ್ತು ವರ್ಷ ಬದುಕಿದ್ರು." ಸರಿ, ಅಜ್ಜನ ಒಡಹುಟ್ಟಿದವರಲ್ಲಿ ತೊಟ್ಟಿಲಲ್ಲೇ ಹೋದವರೆಷ್ಟು, ಅಜ್ಜಿಯನ್ನು ಕೇಳಿ ಬನ್ನಿ. ಹೆಪಟೈಟಿಸ್ ಎ ಚಿಕ್ಕಂದಿನಲ್ಲಿ ತಗುಲಿದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಒಮ್ಮೆ ಬಂದರೆ ಮತ್ತೆ ಬರುವುದೂ ಇಲ್ಲ. ದೊಡ್ಡವರಾದ ಮೇಲೆ ತಗುಲಿದರೆ ಹಾಸಿಗೆ ಹಿಡಿಸುತ್ತದೆ. ಮನೆಯವರು ಗಟ್ಟಿಯಾಗಿದ್ದು, ಹೋಮ್‌ಸ್ಟೇಗೆ ಬಂದ ಬೆಂಗಳೂರಿನವರು ಮಲಗುವುದು ಇದಕ್ಕೇ. ಅದೂ ಸುಮಾರು 28 ದಿನ ಕಳೆದ ಮೇಲೆ. ಅಷ್ಟು ಹೊತ್ತಿಗೆ ಅವರು ನಿಮ್ಮ ನೀರನ್ನು ಮರೆತು ಹಿಂದಿನ ದಿನ ತಿಂದ ಪಾನಿಪೂರಿಯನ್ನು ಬೈಯುತ್ತಿರುತ್ತಾರೆ.

ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ, ಅಷ್ಟೇ. ನೀರು ಕೆಂಪಗಿದ್ದರೆ ಮೊದಲು ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸಿ. ಮಡಿಕೇರಿಯ ಎತ್ತರದಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದಲ್ಲ, ಸಾಕಾ ಎಂದು ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು. ಈ ಕಾಯಿಲೆಗಳ ಕ್ರಿಮಿಗೆ ಅಷ್ಟು ಕಾವು ಧಾರಾಳ. (ಪಾಠ ವ್ಯರ್ಥವಾಗಿಲ್ಲ ಅಂತ ಅವತ್ತು ಖುಷಿಯಾಯಿತು.) ಬಾವಿಯಿದ್ದವರು 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿ ಒಂದು ಗಂಟೆ ಬಿಡಿ. ಹೊಸ ಪುಡಿಯೇ ಆಗಬೇಕು. ನಮ್ಮ ಮಳೆಗಾಲದ ತೇವದಲ್ಲಿ ಬಾಯಿ ತೆರೆದಿಟ್ಟ ಪ್ಯಾಕೆಟ್ಟಿಗೆ ಸುಣ್ಣದಷ್ಟೇ ಬೆಲೆ.

ಯಾರೂ ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ಮದುವೆ ಮನೆಯ ಬಿಸಿನೀರು. ಮೊನ್ನೆ ಊಟಕ್ಕೆ ಕೂತಾಗ ಹುಡುಗನೊಬ್ಬ ಜೀರಿಗೆ ನೀರಿನ ಜಗ್ಗು ತಂದ. ಮುಟ್ಟಿ ನೋಡಿದೆ, ಉಗುರುಬೆಚ್ಚಗಿತ್ತು. ಕುದಿಸಿ ಆರಿಸಿದ್ದಾ ಎಂದು ಕೇಳಿದೆ.

"ಚೆನ್ನಾಗಿ ಕುದಿಸಿದ್ದೀವಿ ಸರ್" ಎಂದ. "ಕುಡಿಯಕ್ಕಾಗದಷ್ಟು ಬಿಸಿ ಇತ್ತು, ಅದಕ್ಕೆ ನಾನೇ ಅರ್ಧ ನಲ್ಲಿ ನೀರು ಹಾಕಿ ಹದ ಮಾಡ್ದೆ."